ಚಿತ್ರದ ಕೆಳಗೆ ಬರೆದ ಹೆಸರು

ಡೊಂಬಿವಲಿಯಿಂದ ವಿ.ಟಿ.ಗೆ (ಈಗ ಸಿ.ಎಸ್.ಎಂ.ಟಿ. ಅನ್ನಬೇಕಂತೆ, ನಾಲಿಗೆ ಕೇಳುವುದಿಲ್ಲ) ದಿನಾ ಹೋಗಿ ಬರುವವರು ಇವರನ್ನು ನೋಡಿಯೇ ಇರುತ್ತೀರಿ. ಜೆ.ಜೆ. ಕಲಾಶಾಲೆಯ ಹುಡುಗ ಹುಡುಗಿಯರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೋ, ಡಬ್ಬಿಯ ಒಂದು ಮೂಲೆಯಲ್ಲೋ ಕೂತು, ತೊಡೆಯ ಮೇಲೆ ಸ್ಕೆಚ್ ಬುಕ್ ಇಟ್ಟುಕೊಂಡು ಎದುರಿಗಿರುವವರ ಮುಖ ಬರೆಯುತ್ತಾರೆ. ಟಿಫಿನ್ ಡಬ್ಬಿ ತಬ್ಬಿಕೊಂಡು ತೂಕಡಿಸುವ ಗುಮಾಸ್ತ, ಕಿವಿಗೆ ಬೀಡಿ ಸಿಕ್ಕಿಸಿಕೊಂಡ ಹಮಾಲ, ಯಾರನ್ನೋ ಬಯ್ಯುತ್ತಿರುವ ಮೀನು ಮಾರುವ ಹೆಂಗಸು. ನನ್ನ ಬೋಳುತಲೆಯೂ ಯಾವುದೋ ಒಂದು ಪುಸ್ತಕದ ಪುಟ ಸೇರಿದೆ. ತೋರಿಸಮ್ಮ ಎಂದೆ, ಆ ಹುಡುಗಿ ನಾಚಿಕೊಂಡೇ ತೋರಿಸಿದಳು. ಚೆನ್ನಾಗಿಯೇ ಇತ್ತು. ಹೆಸರೇನು ಅಂತ ಅವಳು ಕೇಳಲಿಲ್ಲ. ಕೇಳುವ ಅಗತ್ಯವೂ ಇಲ್ಲ ಬಿಡಿ, ಅದು ಕೈ ಪಳಗಿಸುವ ಅಭ್ಯಾಸ ಅಷ್ಟೆ.

ಆದರೆ ಎಂಬತ್ತು ವರ್ಷಕ್ಕೂ ಹಿಂದೆ ಇದೇ ರೀತಿ ಸ್ಕೆಚ್ ಬುಕ್ ಹಿಡಿದು ಊರೂರು ನಡೆದು, ಕಂಡವರ ಮುಖ ಬರೆದು, ಅವರ ಹೆಸರು, ಊರು, ಕಸುಬು, ಕಳೆದುಕೊಂಡದ್ದೇನು ಎಂದೆಲ್ಲ ಕೇಳಿ ಬರೆದುಕೊಂಡ ಒಬ್ಬ ಚಿತ್ರಕಾರರಿದ್ದರು. ಆ ಚಿತ್ರಗಳು ಪುಸ್ತಕವಾದಾಗ ಸರ್ಕಾರ 5000 ಪ್ರತಿಗಳನ್ನು ಹಿಡಿದು ನಾಶ ಮಾಡಿತು. ಆ ಚಿತ್ರಕಾರ ಆಮೇಲೆ ನಮ್ಮ ಮುಂಬಯಿಯಲ್ಲೇ, ಅಂಧೇರಿಯ ಒಂದು ಪುಟ್ಟ ಕೋಣೆಯಲ್ಲಿ, ಬಾಳಿನ ಬಹುಪಾಲು ಕಳೆದರು. ಹೆಸರು ಚಿತ್ತಪ್ರಸಾದ್. ಮುಂಬಯಿ ಕನ್ನಡಿಗರಲ್ಲಿ ಈ ಹೆಸರು ಕೇಳಿದವರು ಕಡಿಮೆ. ಅದಕ್ಕೇ ಈ ಬರಹ.

ಚಿತ್ತಪ್ರಸಾದ್ ಹುಟ್ಟಿದ್ದು 1915ರಲ್ಲಿ, ಬಂಗಾಳದ ನೈಹಾಟಿಯಲ್ಲಿ. ಓದಿದ್ದು ಚಿತ್ತಗಾಂಗಿನ ಸರ್ಕಾರಿ ಕಾಲೇಜಿನಲ್ಲಿ. ಕಲಾಶಾಲೆಯಲ್ಲಿ ಕಲಿತವರಲ್ಲ, ಸ್ವಂತವಾಗಿ ಕೈ ಕುದುರಿಸಿಕೊಂಡವರು. ಮನೆತನದ ಹೆಸರು ಭಟ್ಟಾಚಾರ್ಯ. ಜಾತಿ ಹೇಳುವ ಆ ಅರ್ಧವನ್ನು ಬೇಕೆಂದೇ ಕಿತ್ತುಹಾಕಿ ಬರೀ ಚಿತ್ತಪ್ರಸಾದ್ ಎಂದು ಸಹಿ ಮಾಡತೊಡಗಿದರು. ತನ್ನ ಹೆಸರಿನಲ್ಲಿ ಅರ್ಧ ಬಿಟ್ಟುಕೊಟ್ಟ ಮನುಷ್ಯ ಬೇರೆಯವರ ಹೆಸರನ್ನು ಪೂರ್ತಿಯಾಗಿ ಬರೆದುಕೊಂಡದ್ದು ನನಗೆ ವಿಶೇಷ ಅನಿಸುತ್ತದೆ.

ಈಗ ಸ್ವಲ್ಪ ಹಿನ್ನೆಲೆ. 1942ರಲ್ಲಿ ಜಪಾನೀಯರು ಬರ್ಮಾ ಹಿಡಿದರು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರು ಬಂದರೆ ಅವನ ಕೈಗೆ ಏನೂ ಸಿಗಬಾರದೆಂದು ಸರ್ಕಾರ ಬಂಗಾಳದ ಕರಾವಳಿ ಜಿಲ್ಲೆಗಳಿಂದ ಅಕ್ಕಿ ಸಾಗಿಸಿತು, ಹತ್ತು ಜನಕ್ಕಿಂತ ಹೆಚ್ಚು ಹೊರುವ ದೋಣಿಗಳನ್ನು ವಶಪಡಿಸಿಕೊಂಡಿತು. ನದಿ, ಕಾಲುವೆಗಳ ಆ ನಾಡಿನಲ್ಲಿ ದೋಣಿ ಕಿತ್ತುಕೊಂಡರೆ ಎತ್ತು ಗಾಡಿ ಎರಡನ್ನೂ ಕಿತ್ತುಕೊಂಡಂತೆ. ಅದರ ಮೇಲೆ 1942ರ ಅಕ್ಟೋಬರ್ 16ರಂದು ಮಿದ್ನಾಪುರ ಜಿಲ್ಲೆಗೆ ಚಂಡಮಾರುತ ಅಪ್ಪಳಿಸಿತು. ಸಮುದ್ರದ ಉಪ್ಪುನೀರು ಗದ್ದೆಗಳಿಗೆ ನುಗ್ಗಿತು. ಸುಮಾರು 14,500 ಜನ, 1,90,000 ದನಕರು ಸತ್ತವೆಂದು ಸರ್ಕಾರದ ಲೆಕ್ಕ. ಮಿದ್ನಾಪುರ ಆಗ ಕ್ವಿಟ್ ಇಂಡಿಯಾ ಚಳವಳಿಯ ಕೋಟೆ. ಪೊಲೀಸರ ಗುಂಡಿಗೆ ಮುದುಕಿ ಮಾತಂಗಿನಿ ಹಾಜರಾ ಸತ್ತದ್ದು ಅದೇ ಸೆಪ್ಟೆಂಬರಿನಲ್ಲಿ, ಅದೇ ಜಿಲ್ಲೆಯ ತಮ್ಲೂಕಿನಲ್ಲಿ. ಹೀಗಾಗಿ ಚಂಡಮಾರುತದ ಸುದ್ದಿಯನ್ನೇ ಎರಡು ವಾರಕ್ಕೂ ಹೆಚ್ಚು ಕಾಲ ಪತ್ರಿಕೆಗಳಲ್ಲಿ ಬರಲು ಬಿಡಲಿಲ್ಲ.

1943ರಲ್ಲಿ ಅಕ್ಕಿಯ ಬೆಲೆ ಕೈಗೆ ಸಿಗದ ಎತ್ತರಕ್ಕೆ ಹೋಯಿತು. ಹಳ್ಳಿಯ ಕೂಲಿಗಳು, ಮೀನುಗಾರರು, ತುಂಡು ಜಮೀನಿನವರು ಕಲ್ಕತ್ತೆಯ ಬೀದಿಗೆ ಬಂದರು. ಅನ್ನ ಕೇಳಿದರೆ ಯಾರೂ ಕೊಡರು ಎಂದು ಗೊತ್ತಾಗಿ ಅನ್ನ ಬಸಿದ ಗಂಜಿ ನೀರನ್ನು ಬೇಡುತ್ತಿದ್ದರು. ಬಂಗಾಳಿಯಲ್ಲಿ ಅದಕ್ಕೆ 'ಫ್ಯಾನ್' ಅನ್ನುತ್ತಾರೆ. ಇಷ್ಟಾದರೂ ಸರ್ಕಾರ ಬರಗಾಲ ಎಂದು ಘೋಷಿಸಲಿಲ್ಲ. ಘೋಷಿಸಿದರೆ ಬರಗಾಲದ ನಿಯಮಾವಳಿಯಂತೆ ಪರಿಹಾರ ಕೊಡಬೇಕಾಗುತ್ತಿತ್ತು. ಕೊನೆಗೆ ಆಗಸ್ಟ್ 22ರಂದು 'ಸ್ಟೇಟ್ಸ್‌ಮನ್' ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್, ತಾನೂ ಬ್ರಿಟಿಷನೇ, ಬೀದಿಯಲ್ಲಿ ಸಾಯುತ್ತಿದ್ದವರ ಫೋಟೋಗಳನ್ನು ಅಚ್ಚು ಹಾಕಿದ. ಆಮೇಲೇ ಲೋಕಕ್ಕೆ ಗೊತ್ತಾದದ್ದು.

ಸತ್ತವರೆಷ್ಟು? 1945ರ ಸರ್ಕಾರಿ ಆಯೋಗ ಸುಮಾರು 15 ಲಕ್ಷ ಎಂದಿತು. 1981ರಲ್ಲಿ ಅಮರ್ತ್ಯ ಸೇನ್ ಲೆಕ್ಕ ಹಾಕಿ ಸುಮಾರು 30 ಲಕ್ಷ ಎಂದರು. ಎರಡರ ನಡುವೆ ಹದಿನೈದು ಲಕ್ಷ ಜನರ ವ್ಯತ್ಯಾಸ! ಬ್ಯಾಂಕಿನಲ್ಲಿ ಹದಿನೈದು ರೂಪಾಯಿ ವ್ಯತ್ಯಾಸ ಬಂದರೆ ನಾವು ರಾತ್ರಿ ಎಂಟರವರೆಗೆ ಕೂತು ಹುಡುಕುತ್ತಿದ್ದ ಕಾಲವೊಂದಿತ್ತು.

ಆ ನವೆಂಬರಿನಲ್ಲಿ ಚಿತ್ತಪ್ರಸಾದ್ ಮಿದ್ನಾಪುರಕ್ಕೆ ಹೋದರು. ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಯಾಗಿದ್ದ ಪಿ.ಸಿ. ಜೋಶಿಯವರಿಗೆ ಬರಹಗಾರರು, ಕಲಾವಿದರು, ಫೋಟೋಗ್ರಾಫರುಗಳನ್ನು ಒಟ್ಟುಗೂಡಿಸುವ ಅಭ್ಯಾಸ. ಬರಗಾಲದ ಫೋಟೋ ತೆಗೆಯಲು ಸುನಿಲ್ ಜಾನಾ, ಬರೆಯಲು ಚಿತ್ತಪ್ರಸಾದ್. ಕೈಯಲ್ಲಿ ಪೆನ್ನು, ಶಾಯಿ, ಕುಂಚ, ಕಾಗದ. ಮಿದ್ನಾಪುರದ ಹಳ್ಳಿಗಳಲ್ಲಿ ಹೆಚ್ಚಿನಂಶ ನಡೆದೇ ಓಡಾಡಿದರು. ಗಂಜಿ ಕೇಂದ್ರ, ಆಸ್ಪತ್ರೆ, ಸಂತೆ, ಯಾರೂ ಇಲ್ಲದೆ ಹಾಳುಬಿದ್ದ ಗುಡಿಸಲು, ಎಲ್ಲಿ ಹೋದರೂ ಬರೆದರು. ಚಿತ್ರದ ಪಕ್ಕದಲ್ಲೋ ಹಿಂಬದಿಯಲ್ಲೋ ಟಿಪ್ಪಣಿ. ಇವರು ಯಾರು, ಯಾವ ಊರು, ಮನೆಯಲ್ಲಿ ಎಷ್ಟು ಜನರಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ಯಾಮೆರಾದವನಿಗೆ ಒಂದು ಕ್ಷಣ ಸಾಕು. ಎದುರಿಗಿರುವ ವ್ಯಕ್ತಿ ತಲೆಯೆತ್ತಿ ನೋಡುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಆದರೆ ಮುಖ ಬರೆಯುವುದಕ್ಕೆ ಹತ್ತು ನಿಮಿಷವೋ ಕಾಲು ಗಂಟೆಯೋ ಬೇಕು. ಅಷ್ಟು ಹೊತ್ತು ಇಬ್ಬರೂ ಎದುರುಬದುರು ಕೂತಿರಬೇಕು. ಅಷ್ಟು ಹೊತ್ತು ಮಾತಾಡದೆ ಕೂರಲು ನಮ್ಮ ದೇಶದಲ್ಲಿ ಯಾರಿಗೆ ಸಾಧ್ಯ ಹೇಳಿ? ಹಸಿದವನಾದರೂ ಎಲ್ಲಿಂದ ಬಂದಿರಿ ಎಂದು ಕೇಳುತ್ತಾನೆ. ಇವರೂ ಕೇಳುತ್ತಾರೆ. ಹೆಸರು ಬರುವುದು ಹಾಗೆ. ಸ್ಕೆಚ್ ಬುಕ್ ಇಟ್ಟುಕೊಳ್ಳುವುದೆಂದರೆ ಬರೀ ಗೆರೆ ಎಳೆಯುವುದಲ್ಲ, ಹೀಗೆ ಕೂತಿರುವುದೂ ಅದರಲ್ಲೇ ಸೇರಿದೆ ಅಂತ ನನಗನಿಸುತ್ತದೆ.

ಅವುಗಳಲ್ಲಿ ಒಂದು ಚಿತ್ರ ನೋಡಿದವರು ಮರೆಯುವುದಿಲ್ಲ. ಬಯಲಿನಲ್ಲಿ ಒಂದು ಹೆಣ. ಪ್ರಾಣಿಗಳು ತಿಂದು ಬಿಟ್ಟ ದೇಹ. ಬೇರೆ ಯಾರಾದರೂ ಬರೆದಿದ್ದರೆ 'ಬಂಗಾಳದ ಬರ' ಅಂತಲೋ 'ಹಸಿವು' ಅಂತಲೋ ಶೀರ್ಷಿಕೆ ಕೊಡುತ್ತಿದ್ದರು. ಚಿತ್ತಪ್ರಸಾದ್ ಆ ಮನುಷ್ಯನಿಗಿದ್ದ ಹೆಸರನ್ನು ಕೊಟ್ಟರು, ಕ್ಷೇತ್ರಮೋಹನ ನಾಯಕ್ ಎಂದು. ಸತ್ತವನು ತಾನೇ ಹೇಳಲಾರ, ಇವರು ಸುತ್ತಮುತ್ತ ಯಾರನ್ನಾದರೂ ಕೇಳಿಯೇ ತಿಳಿದಿರಬೇಕು. ಹೆಣದ ಮುಂದೆ ನಿಂತು ಇವನು ಯಾರು ಎಂದು ಕೇಳಿ, ಉತ್ತರ ಸಿಗುವವರೆಗೆ ಕಾದದ್ದು ನನ್ನ ಮಟ್ಟಿಗೆ ಆ ಚಿತ್ರದ ಗೆರೆಗಳಿಗಿಂತಲೂ ದೊಡ್ಡದು.

ನನ್ನ ಕಸುಬಿನ ಉದಾಹರಣೆ ಕೊಡುತ್ತೇನೆ, ಬೇಸರಿಸಬೇಡಿ. ಒಂದು ಬರಗಾಲದ ವರ್ಷ ನಾನು ಮರಾಠವಾಡದ ಹಳ್ಳಿ ಶಾಖೆಯೊಂದರಲ್ಲಿದ್ದೆ. ಮಾರ್ಚ್ ಬಂತೆಂದರೆ ಬೆಳೆಸಾಲದ ಬಾಕಿ ಪಟ್ಟಿ ತಯಾರಾಗಬೇಕು. ಶಾಖೆಯ ಪಟ್ಟಿಯಲ್ಲಿ ಹೆಸರು, ತಂದೆ ಹೆಸರು, ಊರು, ಸರ್ವೆ ನಂಬರು, ಬೆಳೆ, ಬಾಕಿ, ಎಲ್ಲ ಇರುತ್ತದೆ. ಅಲ್ಲಿಂದ ಮೇಲೆ ಹೋಗುತ್ತ ಹೋಗುತ್ತ ಒಂದೊಂದೇ ಕಾಲಮ್ಮು ಉದುರುತ್ತದೆ. ವಲಯ ಕಚೇರಿ ಮುಟ್ಟುವಾಗ ಇಷ್ಟು ಖಾತೆ, ಇಷ್ಟು ಲಕ್ಷ. ಅದರ ಮೇಲಿನವರ ಮೇಜಿಗೆ ಹೋಗುವಾಗ ಬರೀ ಒಂದು ಶೇಕಡಾ ಅಂಕಿ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಲೆಕ್ಕ ನಡೆಯುವುದೇ ಹಾಗೆ. ಆದರೆ ಕೌಂಟರಿನ ಆಚೆ ನಿಂತವನ ಒಣಗಿದ ತುಟಿ ನೋಡಿದವನು ಶಾಖೆಯವನು ಮಾತ್ರ. ಚಿತ್ತಪ್ರಸಾದರ ಪುಟಗಳು ನನಗೆ ಆ ಶಾಖೆಯ ಪಟ್ಟಿಯಂತೆ ಕಾಣುತ್ತವೆ. ಒಂದು ಕಾಲಮ್ಮೂ ಉದುರದ ಪಟ್ಟಿ.

ಹಾಗೆಂದು ಮೇಲಿನ ಅಂಕಿಗಳು ನಿರುಪಯೋಗ ಎಂದಲ್ಲ. ಬರದ ನಂತರ ಮಹಲನೋಬಿಸ್ ಮತ್ತು ಜೊತೆಗಾರರು ಬಂಗಾಳದಲ್ಲಿ ಸಮೀಕ್ಷೆ ಮಾಡಿ 1946ರಲ್ಲಿ ಪ್ರಕಟಿಸಿದರು. ಭತ್ತದ ಗದ್ದೆ ಇದ್ದ ಸುಮಾರು 65 ಲಕ್ಷ ಕುಟುಂಬಗಳಲ್ಲಿ ಸುಮಾರು 16 ಲಕ್ಷ ಕುಟುಂಬಗಳು ಗದ್ದೆಯನ್ನು ಪೂರ್ತಿಯೋ ಭಾಗಶಃವೋ ಮಾರಿದ್ದವು ಅಥವಾ ಅಡವಿಟ್ಟಿದ್ದವು. ಪೂರ್ತಿ ಕಳೆದುಕೊಂಡವು 2,60,000 ಕುಟುಂಬಗಳು. ಮಾರುವವರಿದ್ದಾರೆಂದರೆ ಕೊಳ್ಳುವವರೂ ಇದ್ದರು ಎಂದಾಯಿತಲ್ಲ. ಬರ ಎಲ್ಲರಿಗೂ ಬರವಲ್ಲ.

ನಮ್ಮ ಕಡೆಗೂ ಇಂಥ ಬರ ಬಂದಿತ್ತು. ಹಳೇ ಮೈಸೂರಿನ ಮುದುಕ ಮುದುಕಿಯರ ಬಾಯಲ್ಲಿ 'ಧಾತು ಈಶ್ವರ ಸಂವತ್ಸರದ ಬರ' ಎಂಬ ಮಾತು ಕೇಳಿದವರು ನಿಮ್ಮಲ್ಲಿ ಇರಬಹುದು. ಅದು 1876ರಿಂದ 78ರ ಮಹಾಕ್ಷಾಮ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅದೇ ಬರವನ್ನು ಮದರಾಸಿನ ಕಡೆ ವಿಲ್ಲೋಬಿ ಹೂಪರ್ ಎಂಬ ಸೈನ್ಯಾಧಿಕಾರಿ ಫೋಟೋ ತೆಗೆದ. ಎಲುಬಿನ ಗೂಡಾದ ಜನರನ್ನು ಸಾಲಾಗಿ ಕೂರಿಸಿ, ಮಲಗಿಸಿ ತೆಗೆದ ಚಿತ್ರಗಳವು. ಇಂಗ್ಲೆಂಡಿನಲ್ಲಿ ಅವುಗಳನ್ನು ನೋಡಿ ಮರುಗಿದವರೂ ಇದ್ದರು, ಇವನೆಂಥ ಮನುಷ್ಯ ಎಂದು ಹೂಪರನನ್ನು ಬಯ್ದವರೂ ಇದ್ದರು. ಇವತ್ತು ಇಂಟರ್ನೆಟ್ಟಿನಲ್ಲಿ ಅವು ಧಾರಾಳವಾಗಿ ಸಿಗುತ್ತವೆ. ಅವುಗಳಲ್ಲಿ ಇರುವವರು ಯಾರು? ಯಾವ ಊರಿನವರು? 'ಕ್ಷಾಮಪೀಡಿತರ ಗುಂಪು', ಅಷ್ಟೇ. ಪಾವಗಡದ ಸುತ್ತಿನ ಒಣನೆಲದಿಂದ ಬಂದ ನನ್ನಂಥವರಿಗೆ ಆ ಗುಂಪಿನಲ್ಲಿ ಕೂತವರು ನಮ್ಮ ಮುತ್ತಜ್ಜನ ದಾಯಾದಿಗಳಲ್ಲ ಎಂದು ಹೇಳಲು ಯಾವ ಆಧಾರವೂ ಇಲ್ಲ.

ಚಿತ್ತಪ್ರಸಾದ್ ದೇವರೇನಲ್ಲ, ಪಕ್ಷದ ಮನುಷ್ಯ. ಇದನ್ನೂ ಹೇಳಬೇಕು. 1942ರ ಚಳವಳಿಯನ್ನು ಕಮ್ಯುನಿಸ್ಟ್ ಪಕ್ಷ ಬೆಂಬಲಿಸಲಿಲ್ಲ. ಹಿಟ್ಲರನ ವಿರುದ್ಧದ ಯುದ್ಧ ಮೊದಲು ಗೆಲ್ಲಬೇಕು ಎಂಬುದು ಅವರ ನಿಲುವು. ಅವರ ವಾರಪತ್ರಿಕೆಯ ಹೆಸರೇ 'ಪೀಪಲ್ಸ್ ವಾರ್'. ಹಾಗಾಗಿ ಬರದ ಬಗ್ಗೆ ಪಕ್ಷದವರು ಬರೆಯುವಾಗ ಕಾಳಸಂತೆಯವರು, ದಾಸ್ತಾನುಗಾರರ ಮೇಲೆ ಬೀಳುತ್ತಿದ್ದ ಏಟು ಲಂಡನ್ನಿನ ಮೇಲೆ ಅಷ್ಟು ಬೀಳುತ್ತಿರಲಿಲ್ಲ. ಮಿದ್ನಾಪುರದಂಥ ಜಿಲ್ಲೆಯಲ್ಲಿ, ಸ್ವಾತಂತ್ರ್ಯಕ್ಕಾಗಿ ಮನೆಮಠ ಸುಡಿಸಿಕೊಂಡವರ ನಡುವೆ, ಈ ನಿಲುವು ಹೊತ್ತುಕೊಂಡು ತಿರುಗುವುದು ಸುಲಭವಿದ್ದಿರಲಾರದು. ಬರಹದಲ್ಲಿ ಪಕ್ಷದ ದನಿ ಇದೆ. ಆದರೆ ಮುಖಗಳಲ್ಲಿ ನನಗೆ ಯಾವ ಪಕ್ಷವೂ ಕಾಣುವುದಿಲ್ಲ. ಕಣ್ಣು ಒಳಗೆ ಹೋದ ಮಗುವಿನ ಮುಖ ಬರೆಯುವಾಗ ಕೈಗೆ ಸಿದ್ಧಾಂತ ನೆನಪಾಗುವುದಿಲ್ಲವೇನೋ.

ಪ್ರವಾಸದ ಬರಹ, ಇಪ್ಪತ್ತೆರಡು ರೇಖಾಚಿತ್ರ ಎರಡೂ ಸೇರಿ 'ಹಂಗ್ರಿ ಬೆಂಗಾಲ್' ಎಂಬ ಇಂಗ್ಲಿಷ್ ಪುಸ್ತಿಕೆಯಾಯಿತು. ಅಚ್ಚಾದದ್ದು ನಮ್ಮ ಬೊಂಬಾಯಿಯಲ್ಲಿ. ಯುದ್ಧಕ್ಕೆ ಬೆಂಬಲ ಕೊಡುತ್ತಿದ್ದ ಪಕ್ಷದ ಪುಸ್ತಕವನ್ನೂ ಸರ್ಕಾರ ಬಿಡಲಿಲ್ಲ. ಮೊದಲೇ ಹೇಳಿದೆನಲ್ಲ, 5000 ಪ್ರತಿಗಳು ಹೋದವು. ಫೋಟೋ ಅಚ್ಚು ಹಾಕಿದ 'ಸ್ಟೇಟ್ಸ್‌ಮನ್' ನಡೆಯುತ್ತಲೇ ಇತ್ತು, ಈ ತೆಳ್ಳನೆಯ ಪುಸ್ತಿಕೆ ಮಾತ್ರ ಬೂದಿಯಾಯಿತು. ಕಾರಣ ಬೇರೆ ಬೇರೆ ಇರಬಹುದು. ನನ್ನ ಊಹೆ ಕೇಳಿದರೆ, ಊರು ಹೆಸರು ಕೊಟ್ಟು ಹೇಳಿದ ಸಾವು ದೂರಿನ ಅರ್ಜಿ ಇದ್ದಂತೆ. ಸುಮ್ಮನೆ 'ಜನ ಸಾಯುತ್ತಿದ್ದಾರೆ' ಎಂದರೆ ಅಯ್ಯೋ ಪಾಪ ಎಂದು ಮುಗಿಸಬಹುದು. ಇಂಥ ಊರಿನ ಇಂಥವನು ಸತ್ತ ಎಂದರೆ ಯಾರೋ ಒಬ್ಬರು ಉತ್ತರ ಹೇಳಬೇಕಾಗುತ್ತದೆ.

ಒಂದು ಪ್ರತಿ ಉಳಿಯಿತು. ಅದನ್ನು ಚಿತ್ತಪ್ರಸಾದರ ಕುಟುಂಬದವರು ಜೋಪಾನ ಮಾಡಿದ್ದರು. ಕಾಶ್ಮೀರದ ಒಂದು ಬ್ಯಾಂಕಿನ ಭದ್ರತಾ ಕೋಣೆಯಲ್ಲಿ ಅದು ಇತ್ತು ಎಂದು ಹೇಳುತ್ತಾರೆ. ಇದನ್ನು ಓದಿದಾಗ ಬ್ಯಾಂಕಿನವನಾದ ನನಗೆ ಸ್ವಲ್ಪ ಎದೆಯುಬ್ಬಿತು ಎಂದರೆ ನಗಬೇಡಿ. ಲಾಕರಿನಲ್ಲಿ ಏನಿಟ್ಟಿದ್ದೀರಿ ಎಂದು ನಾವು ಗ್ರಾಹಕರನ್ನು ಕೇಳುವ ಹಾಗಿಲ್ಲ. ಬಂಗಾರ, ಜಮೀನಿನ ಪತ್ರ, ಮದುವೆ ಸೀರೆಯ ಜರಿ, ಇಷ್ಟೇ ಇರುತ್ತದೆ ಎಂದುಕೊಂಡಿರುತ್ತೇವೆ. ಎಲ್ಲೋ ಒಂದು ಪೆಟ್ಟಿಗೆಯಲ್ಲಿ ಮಿದ್ನಾಪುರದ ಸತ್ತವರ ಹೆಸರುಗಳು ದಶಕಗಟ್ಟಲೆ ಮಲಗಿದ್ದವು. ಬಾಡಿಗೆ ಕಟ್ಟಿದ ಪುಣ್ಯಾತ್ಮರು ಯಾರೋ! 2011ರಲ್ಲಿ ಡೆಲ್ಲಿ ಆರ್ಟ್ ಗ್ಯಾಲರಿಯವರು ಆ ಪುಸ್ತಿಕೆಯನ್ನು ಇದ್ದದ್ದು ಇದ್ದ ಹಾಗೆ ಮತ್ತೆ ಅಚ್ಚು ಮಾಡಿಸಿದರು.

ಈ ಕೆಲಸ ಮಾಡಿದವರು ಇವರೊಬ್ಬರೇ ಅಲ್ಲ. ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದ ಜೈನುಲ್ ಆಬೆದಿನ್ ಫುಟ್‌ಪಾತಿನ ಮೇಲೆ ಕಂಡದ್ದನ್ನು ಕಪ್ಪು ಶಾಯಿ, ಒಣ ಕುಂಚದಲ್ಲಿ ಅಗ್ಗದ ಪ್ಯಾಕಿಂಗ್ ಕಾಗದದ ಮೇಲೆ ಬರೆದರು. ತಾಯಿ, ಮಗು, ಖಾಲಿ ಪಾತ್ರೆ, ಪಕ್ಕದಲ್ಲಿ ಕಾಗೆ. ಬಹಳ ದೊಡ್ಡ ಚಿತ್ರಗಳು, ಗೆರೆಯ ಶಕ್ತಿಯಲ್ಲಿ ಚಿತ್ತಪ್ರಸಾದರಿಗಿಂತ ಒಂದು ಕೈ ಮೇಲೆ ಎಂದರೂ ನಾನು ವಾದಿಸುವುದಿಲ್ಲ. ದೇಶ ವಿಭಜನೆಯಾದ ಮೇಲೆ ಅವರು ಢಾಕಾಕ್ಕೆ ಹೋಗಿ 1948ರಲ್ಲಿ ಅಲ್ಲಿ ಕಲಾಶಾಲೆ ಕಟ್ಟಿದರು. ಆದರೆ ಆ ಚಿತ್ರಗಳ ತಾಯಿ ಎಲ್ಲ ತಾಯಂದಿರೂ ಹೌದು, ಆದ್ದರಿಂದಲೇ ಅವಳಿಗೆ ಹೆಸರಿಲ್ಲ. ಎರಡೂ ಬೇಕು ಎನ್ನಿ. ನನ್ನ ಒಲವು ಎಲ್ಲಿದೆ ಎಂದು ನಿಮಗೆ ಗೊತ್ತಾಗಿರಬೇಕು.

ಇನ್ನೊಬ್ಬರು ಸೋಮನಾಥ ಹೋರ್. ಚಿತ್ತಗಾಂಗಿನ ಹುಡುಗ. ಬರದ ಕಾಲದಲ್ಲಿ ಅವರನ್ನು ಆಸ್ಪತ್ರೆಗೆ, ಬೀದಿಗೆ ಕರೆದುಕೊಂಡು ಹೋಗಿ, ಎದುರಿಗಿರುವವರನ್ನು ನೋಡಿ ಬರೆಯುವುದನ್ನು ಕಲಿಸಿದವರು ಚಿತ್ತಪ್ರಸಾದರೇ. ಅಲ್ಲಿ ಹತ್ತಿದ ಅಭ್ಯಾಸ ಮುಂದೆ ಕೆಲಸಕ್ಕೆ ಬಂತು. 1946ರ ಡಿಸೆಂಬರಿನಲ್ಲಿ ಉತ್ತರ ಬಂಗಾಳದ ರಂಗಪುರದಲ್ಲಿ ಗೇಣಿ ರೈತರು ಬೆಳೆಯ ಮೂರರಲ್ಲಿ ಎರಡು ಪಾಲು ನಮಗೆ ಬರಬೇಕೆಂದು ನಿಂತರು. ಅದೇ ತೇಭಾಗಾ ಚಳವಳಿ. ಹೋರ್ ಅಲ್ಲಿಗೆ ಹೋಗಿ ರೈತರ ಮುಖಗಳನ್ನು ಬರೆದರು, ಜೊತೆಗೆ ದಿನಚರಿಯನ್ನೂ. ಮಾರನೆಯ ವರ್ಷ ಚಹಾ ತೋಟದ ಕೂಲಿಗಳದ್ದು. ತೇಭಾಗಾ ದಿನಚರಿ ದಶಕಗಳ ನಂತರ ಪುಸ್ತಕವಾಗಿ ಬಂತು. ಗೇಣಿ ಪದ್ಧತಿ ಗೊತ್ತಿದ್ದ ನಮ್ಮ ಕರಾವಳಿ, ಮಲೆನಾಡಿನವರು ಅದನ್ನು ಓದಿದರೆ ಬಹಳಷ್ಟು ಪರಿಚಿತ ಅನಿಸುತ್ತದೆ.

ಅಂದ ಹಾಗೆ, ಬಂಗಾಳದಲ್ಲಿ ಇದೆಲ್ಲ ನಡೆಯುತ್ತಿದ್ದಾಗ ನಮ್ಮವರೇ ಆದ ಕೆ.ಕೆ. ಹೆಬ್ಬಾರರು, ಉಡುಪಿ ಹತ್ತಿರದ ಕಟ್ಟಿಂಗೇರಿಯವರು, ಇದೇ ಜೆ.ಜೆ.ಯಲ್ಲಿ ಪಾಠ ಮಾಡುತ್ತಿದ್ದರು. ಅವರೂ ಕಂಡದ್ದನ್ನು ಗೆರೆಯಲ್ಲಿ ಹಿಡಿಯುತ್ತಿದ್ದವರು. 1964ರಲ್ಲಿ ಬಂದ ಅವರ ರೇಖಾಚಿತ್ರಗಳ ಪುಸ್ತಕಕ್ಕೆ 'ದಿ ಸಿಂಗಿಂಗ್ ಲೈನ್' ಎಂದೇ ಹೆಸರು. ಹೆಬ್ಬಾರರ ಗೆರೆಗೆ ಬೇಕಾದದ್ದು ಚಲನೆ. ಕುಣಿಯುವ ಕಾಲು, ಬಳುಕುವ ಬೆನ್ನು. ಅಲ್ಲಿ ಕುಣಿದವರ ಹೆಸರು ಮುಖ್ಯವಲ್ಲ, ಕುಣಿತ ಮುಖ್ಯ. ಇದನ್ನು ಕೊರತೆ ಎಂದು ಹೇಳುತ್ತಿಲ್ಲ, ಸ್ಕೆಚ್ ಬುಕ್ಕಿನಲ್ಲಿ ಎಷ್ಟು ಬಗೆ ಎಂದು ತೋರಿಸಲು ಹೇಳಿದೆ.

ಚಿತ್ತಪ್ರಸಾದ್ ಬೊಂಬಾಯಿಯಲ್ಲೇ ನೆಲೆಸಿದರು. ಇಪ್ಟಾ ನಾಟಕ ಸಂಘದ ಲಾಂಛನದಲ್ಲಿ ನಗಾರಿ ಬಾರಿಸುವ ಮನುಷ್ಯನನ್ನು ನೋಡಿದ್ದೀರಲ್ಲ, ಅದು ಇವರ ಕೈಯದ್ದು. 1948ರ ಸುಮಾರಿಗೆ ಜೋಶಿಯವರು ಮೂಲೆಗುಂಪಾದರು, ಪಕ್ಷದ ದಾರಿ ಬದಲಾಯಿತು, ಇವರೂ ದೂರ ಸರಿದರು. ಆಮೇಲಿನ ವರ್ಷಗಳಲ್ಲಿ ದುಡ್ಡಿರಲಿಲ್ಲ. ಲಿನೋಲಿಯಂ ಹಾಳೆ ಕೊರೆದು ಅಚ್ಚು ತೆಗೆಯುವುದು, ಮಕ್ಕಳಿಗೆ ಬೊಂಬೆಯಾಟ ಆಡಿಸುವುದು ('ಖೇಲಾಘರ್' ಎಂದು ಹೆಸರಿಟ್ಟಿದ್ದರು), ಕಥೆಗಳಿಗೆ ಚಿತ್ರ. ದುಡಿಯುವ ಮಕ್ಕಳನ್ನು ಕುರಿತ ಇಪ್ಪತ್ತೆರಡು ಲಿನೋ ಅಚ್ಚುಗಳ ಒಂದು ಸರಣಿ ಮಾಡಿದರು. ಬೂಟ್ ಪಾಲಿಶ್ ಹುಡುಗ, ಹೊರೆ ಹೊರುವ ಹುಡುಗ, ಅಂಥವರೆಲ್ಲ. ಅದನ್ನು ಪುಸ್ತಕ ಮಾಡಿದ್ದು ಇಲ್ಲಿಯವರಲ್ಲ, ಡೆನ್ಮಾರ್ಕಿನ ಯುನಿಸೆಫ್ ಸಮಿತಿ, 1969ರಲ್ಲಿ. ಚೆಕ್ ನಿರ್ದೇಶಕ ಪಾವೆಲ್ ಹೊಬ್ಲ್ ಇವರ ಬಗ್ಗೆ ಒಂದು ಕಿರುಚಿತ್ರ ತೆಗೆದ. ಪ್ರಾಗ್‌ನ ರಾಷ್ಟ್ರೀಯ ಗ್ಯಾಲರಿಯಲ್ಲಿ ಚಿತ್ರಗಳಿವೆ. ಅಂಧೇರಿಯಲ್ಲಿ ಅಕ್ಕಪಕ್ಕದವರಿಗೆ ಅವರು ಬೊಂಬೆಯಾಟದ ಬಂಗಾಳಿ ಬಾಬು ಆಗಿದ್ದಿರಬಹುದು. 1978ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು.

ನೋಡಬೇಕೆನಿಸಿದವರು ಅಂತರ್ಜಾಲದಲ್ಲಿ ಚಿತ್ತಪ್ರಸಾದ್ ಎಂದು ಹುಡುಕಿ, 2011ರ ಮರುಮುದ್ರಣದ ಹಲವು ಪುಟಗಳು ಸಿಗುತ್ತವೆ. ಢಾಕಾ, ಮೈಮನ್‌ಸಿಂಗ್ ಕಡೆ ಹೋಗುವವರಿದ್ದರೆ ಜೈನುಲ್ ಆಬೆದಿನ್‌ರ ಸಂಗ್ರಹಾಲಯ ಬ್ರಹ್ಮಪುತ್ರದ ದಂಡೆಯ ಮೇಲೇ ಇದೆ. ಊಟಕ್ಕೆ ಮುಂಚೆ ಮಾತ್ರ ನೋಡಬೇಡಿ. ಚಿತ್ರ ನೋಡಿ ಪುಟ ತಿರುಗಿಸುವ ಮುಂಚೆ, ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನೂ ಓದಿ.